ಬೀಗದಲ್ಲೇ ಮುಗಿದ ಪದ್ಯ

ಊರಿನ ಅರ್ಧ ಜನರ ನಗು ಅವನ ಕೈಯಲ್ಲೇ ತಯಾರಾಗುತ್ತಿತ್ತು ಎಂದರೆ ಅತಿಯಾದೀತು. ಕಾಲು ಭಾಗ ಎನ್ನಲು ಅಡ್ಡಿಯಿಲ್ಲ. ದಂತವೈದ್ಯರು ಕಳಿಸಿಕೊಡುವ ಅಚ್ಚುಗಳನ್ನು ಮುಂದಿಟ್ಟುಕೊಂಡು ಹಲ್ಲುಸೆಟ್ಟು ಮಾಡುವುದು ಅವನ ಕಸುಬು. ಬಾಯಿಯ ಅಚ್ಚು ಅವನವರೆಗೆ ಬರುತ್ತಿತ್ತೇ ಹೊರತು ಬಾಯಿಯ ಒಡೆಯರು ಯಾವತ್ತೂ ಬರುತ್ತಿರಲಿಲ್ಲ. ಹೀಗಾಗಿ ಅಷ್ಟು ಜನರಿಗೆ ನಗು ಮಾಡಿಕೊಟ್ಟ ಆಸಾಮಿಯನ್ನು ನೋಡಿ ನಕ್ಕವರು ಬಹಳ ಕಡಿಮೆ. ಮದುವೆಯ ವಯಸ್ಸಿನಲ್ಲಿ ಮುಂದೆ ನಿಂತು ಮಾತಾಡುವವರು ಯಾರೂ ಇರಲಿಲ್ಲ, ಆಮೇಲೆ ಅವನಿಗೇ ನಾಚಿಕೆಯಾಯಿತು. ತಲೆ ನರೆಯುವ ಹೊತ್ತಿಗೆ ಲೋಕದಲ್ಲಿ ತನ್ನವರೆಂದು ಉಳಿದಿದ್ದು ಅಕ್ಕ ಒಬ್ಬಳೇ.

ಕೆಲಸದ ಜಾಗ ಒಂದು ಔಷಧಿ ಅಂಗಡಿಯ ಹಿಂದಿದ್ದ ಉದ್ದನೆಯ ಕೋಣೆ. ಒಂದು ಕಡೆ ಮೇಣ ಕರಗಿಸುವ ಒಲೆ, ಇನ್ನೊಂದು ಕಡೆ ಪಾಲಿಶ್ ಮಾಡುವ ಚಕ್ರ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಹುಡಿ. ಚಕ್ರ ತಿರುಗತೊಡಗಿದರೆ ಪಕ್ಕದವರ ಮಾತು ಕೇಳಿಸದು. ಆ ಸದ್ದಿನ ಮರೆಯಲ್ಲಿ ಅವನು ವರ್ಷಗಟ್ಟಲೆ ತನ್ನಷ್ಟಕ್ಕೆ ತಾನು ಸಾಲು ಕಟ್ಟುತ್ತಿದ್ದ. ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದ ಮೇಲೆ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದ. ಒಂದು ದಿನ ಕರೆಂಟು ಹೋಗಿ ಚಕ್ರ ಗಕ್ಕನೆ ನಿಂತಿತು, ಅವನ ಅರ್ಧ ಸಾಲು ಕೋಣೆ ತುಂಬ ಕೇಳಿಸಿತು.

"ಏನಯ್ಯಾ ಅದು?" ಎಂದರು ಯಜಮಾನರು.

"ಪದ್ಯ" ಎಂದ, ಕದ್ದು ಸಿಕ್ಕಿಬಿದ್ದವನ ದನಿಯಲ್ಲಿ.

"ಯುನಿವರ್ಸಿಟೀಲಿ ಇದನ್ನೂ ಕಲಿಸ್ತಾರಂತೆ ಕಣಯ್ಯ. ನಮ್ಮ ಷಡ್ಡಕನ ಮಗಳು ಹೇಳ್ತಿದ್ಲು. ವಯಸ್ಸೂ ಕೇಳಲ್ವಂತೆ. ಹೋಗಿ ಸೇರ್ಕೋ, ಮಧ್ಯಾಹ್ನದ ಮೇಲೆ ಬಿಡ್ತೀನಿ. ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿನ್ನ ಹತ್ರ ಹಲ್ಲಂತೂ ಡಬ್ಬಿಗಟ್ಟಲೆ ಇದೆ."

ಯಜಮಾನರು ಹೇಳಿದ್ದು ಅರ್ಧ ತಮಾಷೆಗೆ. ಇವನು ಮಾತ್ರ ಪೂರ್ತಿ ನಿಜವೆಂದುಕೊಂಡು ಅರ್ಜಿ ಹಾಕಿದ. ಜೊತೆಗಿಟ್ಟ ಪದ್ಯಗಳು ಯಾರಿಗೆ ಹಿಡಿಸಿದವೋ, ಸೀಟು ಸಿಕ್ಕಿಬಿಟ್ಟಿತು. ಎರಡು ವರ್ಷದ ಓದು, ಪದ್ಯ ಬರೆಯುವುದೇ ಪಾಠ, ಪದ್ಯ ಬರೆಯುವುದೇ ಪರೀಕ್ಷೆ. ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ.

"ಓದು. ಆಗ ಓದಿಸಕ್ಕೆ ನನ್ನ ಕೈಲಿ ಆಗಲಿಲ್ಲ, ಈಗಾದ್ರೂ ಓದ್ಕೋ" ಎಂದಳು. ಆಮೇಲೆ ದಿನಾ ಕೇಳುವ ಪ್ರಶ್ನೆ ಕೇಳಿದಳು. "ಊಟ ಆಯ್ತಾ?"

ಅಕ್ಕ ಊರಿನ ಇನ್ನೊಂದು ತುದಿಯಲ್ಲಿ ಇದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ದುಡಿದು ಈಗ ಮನೆಯಲ್ಲಿ ಕೂತವಳು. ಅವಳಿಗೂ ತಮ್ಮನ ಹೊರತು ಹಿಂದಿಲ್ಲ ಮುಂದಿಲ್ಲ. ದಿನಾ ಸಂಜೆ ಅವಳ ಫೋನು ಬರುತ್ತಿತ್ತು. ಊಟ ಆಗಿರಲಿ ಬಿಡಲಿ, ಇವನು ಆಯ್ತು ಎನ್ನುತ್ತಿದ್ದ. ಅದು ಸುಳ್ಳೆಂದು ಅವಳಿಗೆ ಗೊತ್ತಿರುತ್ತಿತ್ತು. ಎಷ್ಟೋ ದಿನ ಅವನು ಬಾಯಿಬಿಟ್ಟು ಆಡಿದ ಮಾತೆಂದರೆ ಆ ಒಂದು ಸುಳ್ಳೇ.

ಯುನಿವರ್ಸಿಟಿಗೆ ಸೇರಿದರೆ ಒಂಟಿತನ ಕಡಿಮೆಯಾದೀತೆಂದು ಅವನು ಆಸೆಪಟ್ಟಿದ್ದ. ಬರೆಯುವವರೆಲ್ಲ ಒಂದೇ ಜಾತಿಯ ಹಕ್ಕಿಗಳು, ತಾನೂ ಅವರ ಸಾಲಿನಲ್ಲಿ ಕೂರಬಹುದೆಂಬ ಲೆಕ್ಕ. ಅಲ್ಲಿ ನೋಡಿದರೆ ಎಲ್ಲರೂ ಅವನ ಅರ್ಧ ವಯಸ್ಸಿನವರು. ಅವನ ಕೆಲಸ ತಿಳಿದ ದಿನವೇ 'ಹಲ್ಲಣ್ಣ' ಎಂದು ಹೆಸರಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ, ಆ ವಯಸ್ಸಿನ ಚೇಷ್ಟೆಯಿಂದ. ಮೊದಲ ದಿನ ತರಗತಿ ಮುಗಿದಾಗ "ಚಹಾಕ್ಕೆ ಬರ್ತೀರಾ ಹಲ್ಲಣ್ಣ?" ಎಂದು ಕರೆದರು. ಸಂಕೋಚಕ್ಕೆ ಕೆಲಸವಿದೆ ಎಂದುಬಿಟ್ಟ. ಮತ್ತೆ ಯಾರೂ ಕರೆಯಲಿಲ್ಲ. ಇನ್ನೊಮ್ಮೆ ಕರೆಯಲಿ, ಹೋಗೋಣ ಎಂದು ಅವನು ಇಡೀ ಒಂದು ವರ್ಷ ಕಾದ. ಅವರು ಗುಂಪಾಗಿ ನಗುತ್ತ ಕ್ಯಾಂಟೀನಿನ ಕಡೆ ಹೋದರೆ, ಇವನು ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು ಕಾಗದದಲ್ಲಿ ಸುತ್ತಿ ತಂದ ಬನ್ನು ತಿನ್ನುತ್ತಿದ್ದ. ಅಲ್ಲಿ ಒಂದು ಕೆಟ್ಟ ನಲ್ಲಿ ಸದಾ ಸೋರುತ್ತಿತ್ತು. ಆ ನಲ್ಲಿಯ ಮೇಲೆ ಅವನು ಮೂರು ಪದ್ಯ ಬರೆದ. ಮೂರೂ ಚೆನ್ನಾಗಿರಲಿಲ್ಲ.

ತರಗತಿಯ ಕಟ್ಟುಪಾಡೇ ಬೇರೆ. ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂರಬೇಕು. ಬರೆದವರ ಪದ್ಯವನ್ನು ಬೇರೆಯವರು ಗಟ್ಟಿಯಾಗಿ ಓದಬೇಕು. ಆಮೇಲೆ ಉಳಿದವರು ಅದನ್ನು ಬಿಚ್ಚಿ, ಹಿಂಜಿ, ಒದರಿ ನೋಡುತ್ತಾರೆ. ಅಷ್ಟು ಹೊತ್ತೂ ಬರೆದವರು ಬಾಯಿಬಿಡುವ ಹಾಗಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಹೀಗಲ್ಲ ಹಾಗೆ ಎನ್ನುವಂತಿಲ್ಲ. ಪೆನ್ಸಿಲು ಹಿಡಿದು ಗುರುತು ಹಾಕಿಕೊಳ್ಳಬಹುದು, ಅಷ್ಟೇ. ಎಲ್ಲ ಮುಗಿದ ಮೇಲೆ ಬರೆದವರು ಒಂದೇ ಮಾತು ಆಡಬೇಕು. 'ಕೇಳಿಸಿಕೊಂಡೆ.'

"ಪದ್ಯದ ಪಕ್ಕ ನಿಂತು ವಕಾಲತ್ತು ಮಾಡಬೇಡಿ" ಎನ್ನುತ್ತಿದ್ದರು ಪಾಠ ಮಾಡುತ್ತಿದ್ದ ಮೇಡಂ. "ಓದೋರ ಮನೆಮನೆಗೂ ಹೋಗಿ ಅರ್ಥ ಹೇಳಕ್ಕಾಗುತ್ತಾ? ನಿಮ್ಮ ಪದ್ಯ ನಿಮ್ಮ ಸಹಾಯ ಇಲ್ಲದೆ ನಿಂತ್ಕೋಬೇಕು."

ಮೇಡಂ ಒಳ್ಳೆಯವರು, ಮಾತು ಕಡಿಮೆ. ಪದ್ಯ ಎಲ್ಲಿ ಮುಗಿಯಬೇಕಿತ್ತೋ ಅಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆದು ಹಾಳೆಯನ್ನು ವಾಪಸು ಕೊಡುವುದು ಅವರ ಪದ್ಧತಿ. ಗೆರೆಯ ಕೆಳಗಿದ್ದದ್ದು ಉಳಿದ ಉದಾಹರಣೆಯಿಲ್ಲ. ಇವನಿಗೆ ಬಾಯಿ ಮುಚ್ಚಿಕೊಂಡು ಕೂರುವ ಆ ನಿಯಮ ಮೊದಲ ದಿನವೇ ಒಗ್ಗಿಹೋಯಿತು. ಜೀವಮಾನವೆಲ್ಲ ಅಭ್ಯಾಸ ಮಾಡಿಕೊಂಡು ಬಂದವನಂತೆ ಕೂರುತ್ತಿದ್ದ. ಬೇರೆ ಹುಡುಗರು ಒಳಗೊಳಗೇ ಕುದಿಯುತ್ತಿದ್ದರೆ ಇವನು ಬೆನ್ನು ನೆಟ್ಟಗೆ ಮಾಡಿ ಗುರುತು ಹಾಕಿಕೊಳ್ಳುತ್ತಿದ್ದ. ತನ್ನ ಬಗ್ಗೆ ಯಾರೋ ಅಷ್ಟು ಹೊತ್ತು ಮಾತಾಡುತ್ತಾರಲ್ಲ ಎಂಬುದೇ ಅವನಿಗೆ ದೊಡ್ಡದಾಗಿತ್ತು.

ಎರಡನೆಯ ವರ್ಷದಲ್ಲಿ ಅವನು ಅಕ್ಕನ ಪದ್ಯ ಬರೆದ.

ಅದರ ಹಿಂದಿನ ಸಂಗತಿ ಇಷ್ಟು. ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಸೇರಿರಲಿಲ್ಲ. ಲಾರಿ ಓಡಿಸುತ್ತಿದ್ದ ಅಪ್ಪ ಬರುವುದು ಕಡಿಮೆಯಾಗಿ, ಆಮೇಲೆ ಬರುವುದೇ ನಿಂತಿತು. ಅಕ್ಕನಿಗೆ ಆಗ ಹದಿನಾರೋ ಹದಿನೇಳೋ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿಕೊಂಡಳು. ನೋಡಿಕೊಳ್ಳುವವರಿಲ್ಲದ ತಮ್ಮನನ್ನು ಬೆಳಿಗ್ಗೆ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಊಟದ ಬಿಡುವಿನಲ್ಲಿ ಓಡಿ ಬರುತ್ತಿದ್ದಳು. ಮೊದಮೊದಲು ಬಾಗಿಲು ತೆಗೆದು ನೋಡಿದಳು. ಹುಡುಗ ಅವಳ ಕಾಲು ತಬ್ಬಿಕೊಂಡು ಬಿಡದೆ ಅತ್ತಿದ್ದರಿಂದ ಅವಳು ತಡವಾಗಿ ಹೋಗಿ ಮೇಲಿನವರಿಂದ ಬೈಸಿಕೊಂಡಳು. ಆಮೇಲೆ ಬೀಗ ತೆಗೆಯುವುದು ಬಿಟ್ಟಳು. ಹೊರಗೆ ನೆಲದ ಮೇಲೆ ಕೂತು ಬಾಗಿಲ ಕೆಳಗಿನ ಸಂದಿಯಿಂದ ಬೆರಳು ತೂರಿಸುತ್ತಿದ್ದಳು. ಅವನು ಒಳಗಿನಿಂದ ಹಿಡಿದುಕೊಳ್ಳುತ್ತಿದ್ದ. ಸೋಪಿನ ನೀರಿನಲ್ಲಿ ನೆನೆದು ಸುಕ್ಕಾದ, ತಣ್ಣಗಿನ ಬೆರಳುಗಳು. ಇನ್ನೊಂದು ಕೈಯಿಂದ ಅವಳು ತನ್ನ ಊಟ ಮುಗಿಸುತ್ತಿದ್ದಳು. ಎದ್ದು ಹೋಗುವ ಮೊದಲು ಅವನ ಹೆಬ್ಬೆರಳನ್ನು ಒಮ್ಮೆ ಮೆತ್ತಗೆ ಒತ್ತುತ್ತಿದ್ದಳು. ಹಾಗೆ ಒತ್ತಿದರೆ ಅಳಬಾರದು ಎಂದು ಒಪ್ಪಂದ.

ತರಗತಿಯಲ್ಲಿ ಆ ಪದ್ಯವನ್ನು ಗಡ್ಡದ ಹುಡುಗನೊಬ್ಬ ಓದಿದ. ನಡುವೆ ಹೀಗೊಂದು ಭಾಗವಿತ್ತು:

ಹೊರಗಿನಿಂದ ಬೀಗ.
ಒಳಗೆ ನಾನು, ಒಂದು ಕಿಟಕಿ,
ಕಿಟಕಿಯಷ್ಟೇ ಆಕಾಶ.
ಅಕ್ಕ ಮೆಟ್ಟಿಲಿಳಿಯುವಾಗ
ಸೊಂಟದ ಕೀಲಿ ನಗುತ್ತಿತ್ತು.

ಅದರ ಕೆಳಗೆ ಬೆರಳಿನ ಸಾಲುಗಳು. ಓದಿ ಮುಗಿದ ಮೇಲೆ ಒಂದಿಬ್ಬರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ನೋಡಿದರು. ಅವನ ಪದ್ಯಕ್ಕೆ ಅಂಥ ಗಮನ ಸಿಕ್ಕಿದ್ದು ಅದೇ ಮೊದಲು.

"ಕೀಲಿ ನಗುತ್ತಿತ್ತು ಅನ್ನೋ ಕಡೆ ಮೈ ಜುಮ್ ಅಂತು" ಎಂದ ಗಡ್ಡದವನು. "ಆದ್ರೆ ಬೆರಳು ಬಂದ ಮೇಲೆ ಸ್ವಲ್ಪ ಕಣ್ಣೀರು ಹಾಕ್ಸಕ್ಕೆ ನೋಡ್ತಿದೆ ಅನ್ಸುತ್ತೆ."

"ನಂಗೂ ಹಾಗೇ ಅನ್ನಿಸ್ತು" ಎಂದಳು ಎದುರು ಕೂತಿದ್ದ ಹುಡುಗಿ. "ಬೀಗದಲ್ಲೇ ಮುಗಿದ್ರೆ ಗುದ್ದಿದ ಹಾಗಿರುತ್ತೆ."

ಮೇಡಂ ಏನೂ ಹೇಳದೆ ಕೀಲಿಯ ಸಾಲಿನ ಕೆಳಗೆ ಗೆರೆ ಎಳೆದರು. "ಗೆರೆ ನನ್ನದು, ಪದ್ಯ ನಿಮ್ಮದು. ಯೋಚನೆ ಮಾಡಿ" ಎಂದು ಹಾಳೆ ದಾಟಿಸಿದರು.

"ಕೇಳಿಸ್ಕೊಂಡೆ" ಎಂದ ಅವನು.

ಹಲ್ಲಿನ ಕೆಲಸದಲ್ಲಿ ಒಂದು ಮಾತಿದೆ. ಹೆಚ್ಚಾಗಿದ್ದರೆ ಉಜ್ಜಬಹುದು, ಉಜ್ಜಿಹೋದದ್ದನ್ನು ಅಂಟಿಸಲಾಗದು. ಅದಕ್ಕೇ ಮೇಲಿನ ಕೆಳಗಿನ ಅಚ್ಚುಗಳನ್ನು ಕಚ್ಚಿಸಿ ನೋಡುತ್ತ ಚೂರುಚೂರೇ ಉಜ್ಜಬೇಕು. ದಿನವೆಲ್ಲ ಅದನ್ನೇ ಮಾಡುವ ಮನುಷ್ಯ ಅವತ್ತು ಮಾತ್ರ ಕಣ್ಣುಮುಚ್ಚಿಕೊಂಡು ಒಂದೇ ಸಲಕ್ಕೆ ಕತ್ತರಿಸಿದ. ಯಾಕೆಂದರೆ ತರಗತಿ ಬಿಟ್ಟ ಮೇಲೆ ಗಡ್ಡದವನು ಅವನ ಹೆಗಲ ಮೇಲೆ ಕೈಯಿಟ್ಟು, "ಇವತ್ತು ತಪ್ಪಿಸ್ಕೊಳ್ಳೋ ಹಾಗಿಲ್ಲ ಹಲ್ಲಣ್ಣ, ಚಹಾ ನಂದು" ಎಂದು ಎಳೆದುಕೊಂಡು ಹೋಗಿದ್ದ. ಕ್ಯಾಂಟೀನಿನ ಬೆಂಚಿನ ಮೇಲೆ ಅವರ ನಡುವೆ ಇಕ್ಕಟ್ಟಾಗಿ ಕೂತು ಚಹಾ ಕುಡಿಯುವಾಗ ಅವನಿಗೆ ಎದೆ ತುಂಬಿ ಬಂದಿತ್ತು. ಅಲ್ಲೇ, ಆ ಬೆಂಚಿನ ಮೇಲೆಯೇ, ಬೆರಳಿನ ಸಾಲುಗಳನ್ನು ಹೊಡೆದುಹಾಕಿದ. ಅವರೆಲ್ಲ ನೋಡುತ್ತಿದ್ದರು. ಚಪ್ಪಾಳೆ ತಟ್ಟಿದರು. ಒಂದು ಲೋಟ ಚಹಾಕ್ಕೆ ಅವನು ಏನನ್ನು ಕೊಟ್ಟ ಎಂಬುದು ಅವರಿಗೂ ಗೊತ್ತಿರಲಿಲ್ಲ, ಅವನಿಗೂ ಹೊಳೆಯಲಿಲ್ಲ.

ವರ್ಷದ ಕೊನೆಗೆ ವಿಭಾಗದವರು ವಿದ್ಯಾರ್ಥಿಗಳ ಪದ್ಯಗಳ ಒಂದು ಪುಸ್ತಕ ತಂದರು. ಅಕ್ಕನ ಪದ್ಯ ಮೊದಲ ಪುಟದಲ್ಲೇ ಇತ್ತು. ಆ ಭಾನುವಾರ ಅಕ್ಕ ಬಂದಳು. ಗುಂಡಿ ಹೊಲಿದು ಇಸ್ತ್ರಿ ಮಾಡಿದ ಅವನ ಶರ್ಟುಗಳ ಚೀಲವನ್ನು ಮಂಚದ ಮೇಲಿಟ್ಟು, ಉಸಿರು ತಿರುಗಿಸಿಕೊಂಡು ಕುರ್ಚಿಯಲ್ಲಿ ಕೂತಳು. ಅವನು ಪುಸ್ತಕವನ್ನು ಅವಳ ಕೈಗಿಟ್ಟ. ಅವಳು ಕನ್ನಡಕ ಹಾಕಿಕೊಂಡು ತುಟಿ ಆಡಿಸುತ್ತ ಓದಿದಳು. ಮತ್ತೊಮ್ಮೆ ಓದಿದಳು. ಮೊದಲ ಸಲ ಓದುವಾಗ ಮುಖದಲ್ಲಿದ್ದ ನಗು ಎರಡನೆಯ ಸಲಕ್ಕೆ ಇರಲಿಲ್ಲ.

ಅಕ್ಕನ ಹಲ್ಲುಸೆಟ್ಟು ಅವನೇ ಮಾಡಿಕೊಟ್ಟದ್ದು, ಅವನ ಕೈಕೆಲಸದಲ್ಲೇ ಅತ್ಯುತ್ತಮವಾದದ್ದು. ಆದರೂ ಸಿಟ್ಟಿನ ಮಾತು ಬಿರುಸಾಗಿ ಬಂದಾಗ ಅದು ಜಾರುತ್ತಿತ್ತು. ಅದಕ್ಕೇ ಅಕ್ಕ ಜಗಳಕ್ಕೆ ಮೊದಲು ಹಲ್ಲು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು. ಈಗಲೂ ಮುಚ್ಚಿದಳು.

"ಇದು ನಾನೇನೋ?" ಎಂದಳು.

ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೈ ಪೆನ್ಸಿಲಿಗೆ ಹೋಯಿತು.

"ಕೀಲಿ ನಗ್ತಿತ್ತು ಅಂತ ಬರ್ದಿದ್ದೀಯ. ನಾನು ನಗ್ತಾ ಮೆಟ್ಟಿಲು ಇಳೀತಿದ್ನಾ? ಕೂಸನ್ನ ಕೂಡಿ ಹಾಕಿ ಹೋಗೋದು ಯಾರಿಗೆ ನಗು ಬರುತ್ತೋ? ಓದಿದೋರು ಏನಂದ್ಕೋತಾರೆ?" ಅವಳ ದನಿ ಇಳಿಯಿತು. "ಹೋಗ್ಲಿ, ಬೆರಳು ಎಲ್ಲಿ? ಬೆರಳು ಮರ್ತೇ ಹೋಯ್ತಾ ನಿಂಗೆ?"

ಮರೆತಿಲ್ಲ ಅಕ್ಕ, ಬರೆದಿದ್ದೆ, ಹೊಡೆದುಹಾಕಿದೆ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಪದ್ಯದ ಪಕ್ಕ ನಿಂತು ವಕಾಲತ್ತು ಮಾಡಬಾರದೆಂದು ಎರಡು ವರ್ಷ ತಿದ್ದಿಸಿಕೊಂಡ ನಾಲಿಗೆ ಮೇಲೇಳಲಿಲ್ಲ. ಅದರ ಮೇಲೆ ನಾಚಿಕೆ ಬೇರೆ. ಅವನು ತಲೆ ತಗ್ಗಿಸಿ ಅವಳ ಮಡಿಲಲ್ಲಿದ್ದ ಪುಸ್ತಕದ ಅಂಚಿನಲ್ಲಿ 'ನಗು' ಎಂದು ಗುರುತು ಹಾಕಿಕೊಂಡ. ಅಕ್ಕ ಕಾದಳು. ಕೊನೆಗೆ ಅವನು ಬಾಯಿಬಿಟ್ಟ.

"ಕೇಳಿಸ್ಕೊಂಡೆ ಅಕ್ಕ."

ಇಂಥ ದಡ್ಡತನ ಓದು ಬರದವರಿಂದ ಆಗುವ ಕೆಲಸವಲ್ಲ. ಅದಕ್ಕೆ ಎರಡು ವರ್ಷ ಯುನಿವರ್ಸಿಟಿಯಲ್ಲಿ ಕೂತಿರಬೇಕು.

"ಕೇಳಿಸ್ಕೊಂಡ್ಯಲ್ಲ, ಸಾಕು" ಎಂದು ಅಕ್ಕ ಎದ್ದಳು. ಪುಸ್ತಕವನ್ನು ಶರ್ಟುಗಳ ಮೇಲಿಟ್ಟಳು. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದಳು. ಅವನು ಪೆನ್ಸಿಲು ಹಿಡಿದೇ ಕೂತಿದ್ದ.

ಆ ಸಂಜೆ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಇವನೇ ಮಾಡಿದರೆ "ಇದೀನಿ, ಚೆನ್ನಾಗಿದೀನಿ, ಇಡ್ತೀನಿ" ಎಂದು ಇಟ್ಟುಬಿಟ್ಟಳು. ಆಮೇಲೆ ಎತ್ತುವುದನ್ನೇ ನಿಲ್ಲಿಸಿದಳು. ಮೌನವೇ ಸಮ್ಮತಿ ಎಂಬ ಮಾತನ್ನು ಅವಳು ಬಲ್ಲಳು. ತಾನು ಹಾಗೇ ಇದ್ದೆ, ನಗುತ್ತಲೇ ಬೀಗ ಹಾಕಿದೆ ಎಂದು ತಮ್ಮ ಒಪ್ಪಿದ ಹಾಗಾಯಿತಲ್ಲ ಎಂದುಕೊಂಡಿರಬೇಕು.

ಒಂಟಿತನ ತನಗೆ ಹಳೆಯ ಪರಿಚಯ ಎಂದು ಅವನು ತಿಳಿದಿದ್ದ. ಇದು ಬೇರೆಯೇ ಇತ್ತು. ಸಂಜೆಯಾದರೆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿಗಿಳಿದು ಬಸ್ ನಿಲ್ದಾಣದವರೆಗೆ ಹೋಗಿ, ಬಸ್ಸು ಇಳಿದವರು ಮನೆಗಳ ಕಡೆ ಹೋಗುವುದನ್ನು ನೋಡಿಕೊಂಡು ವಾಪಸು ಬರುತ್ತಿದ್ದ. ಊಟ ಆಯಿತೇ ಎಂದು ಕೇಳುವವರಿಲ್ಲದ ಮೇಲೆ ಊಟ ಮಾಡಿದರೂ ಮಾಡದಿದ್ದರೂ ಒಂದೇ ಅನಿಸುತ್ತಿತ್ತು. ಸುಳ್ಳು ಹೇಳುವುದಕ್ಕೂ ಒಬ್ಬರು ಬೇಕು. ಅಕ್ಕ ತಂದಿಟ್ಟ ಶರ್ಟುಗಳಲ್ಲಿ ಒಂದರ ಮಡಿಕೆಯನ್ನೂ ಅವನು ಬಿಚ್ಚಲಿಲ್ಲ. ಹಾಕಿಕೊಂಡು ಕೊಳೆಯಾದರೆ ಮತ್ತೆ ಇಸ್ತ್ರಿ ಮಾಡುವವರು ಬರುತ್ತಾರೋ ಇಲ್ಲವೋ ಎಂಬ ಭಯ.

ಬರೆಯುವವರ ಹಾಳು ಬುದ್ಧಿ ನೋಡಿ, ಅವನು ಅದರ ಮೇಲೂ ಒಂದು ಪದ್ಯ ಬರೆದ. ಬಾರದ ಫೋನಿನ ಪದ್ಯ. ಕೊನೆಯ ತರಗತಿಯಲ್ಲಿ ಅದನ್ನು ಎದುರು ಕೂರುವ ಹುಡುಗಿ ಓದಿದಳು. ಎಲ್ಲರಿಗೂ ಹಿಡಿಸಿತು. "ನೋವು ಎಷ್ಟು ಹದವಾಗಿ ಬಂದಿದೆ" ಎಂದಳು ಅವಳು. ಒಂದು ಸಾಲೂ ಹೆಚ್ಚಿಲ್ಲ ಎಂದ ಗಡ್ಡದವನು. ಮೇಡಂ ಹಾಳೆಯನ್ನು ಎರಡು ಸಲ ನೋಡಿ, ಗೆರೆ ಎಳೆಯದೆಯೇ ವಾಪಸು ಕೊಟ್ಟರು. ಅಂಥ ಮರ್ಯಾದೆ ಆ ಮೇಜಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಎಲ್ಲರೂ ಅವನ ಒಂದು ಮಾತಿಗೆ ಕಾದರು.

"ಇದು ಪದ್ಯ ಅಲ್ಲ ಮೇಡಂ" ಎಂದ ಅವನು. "ನಮ್ಮಕ್ಕ ಮಾತು ಬಿಟ್ಟಿದ್ದಾಳೆ."

 ನಿಯಮ ಮುರಿದವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೀಗದ ಪದ್ಯ ಅವಳು ಓದಿದ್ದು, ಬೆರಳೆಲ್ಲಿ ಎಂದು ಕೇಳಿದ್ದು, ತಾನು ಹೇಳಿದ್ದು, ಎಲ್ಲ ಹೇಳಿಬಿಟ್ಟ. ಗಡ್ಡದ ಹುಡುಗ ಮೇಜು ನೋಡುತ್ತ ಕೂತ.

"ಅಕ್ಕನಿಗೂ ಕೇಳಿಸ್ಕೊಂಡೆ ಅಂದ್ರಾ?" ಎಂದರು ಮೇಡಂ. ಅವರ ಮುಖ ಕಪ್ಪಿಟ್ಟಿತ್ತು. "ಆ ನಿಯಮ ಈ ಮೇಜಿಗೆ ಮಾತ್ರ ಅಲ್ವಾ? ನಾನು ಅದನ್ನ ಹೇಳೇ ಇಲ್ವಾ ನಿಮಗೆ?"

"ಇಲ್ಲ ಮೇಡಂ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ? ಹೋಗಿ."

ಅಕ್ಕನ ಮನೆ ಮುಟ್ಟುವಾಗ ಬಿಸಿಲು ಇನ್ನೂ ಇತ್ತು. ಅವಳಿದ್ದದ್ದು ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಅವನು ಬಾಗಿಲು ತಟ್ಟಿದ.

"ಯಾರು?" ಹಲ್ಲಿಲ್ಲದ ದನಿ.

"ನಾನು ಅಕ್ಕ."

ಒಳಗೆ ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ಚಿಲಕದ ಸದ್ದಾಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವನು ಹೊಸ್ತಿಲ ಮುಂದೆ ನೆಲದ ಮೇಲೇ ಕೂತ. ಮೇಲಿನ ಮನೆಯ ಹೆಂಗಸು ತರಕಾರಿ ಚೀಲ ಹಿಡಿದು ಹತ್ತಿ ಬಂದವಳು, ನರೆತಲೆಯ ಗಂಡಸು ಹೀಗೆ ಕೂತಿರುವುದನ್ನು ನೋಡಿ ಗೋಡೆಗೆ ಒತ್ತಿಕೊಂಡು ದಾಟಿದಳು. ಅವನು ಲೆಕ್ಕಿಸಲಿಲ್ಲ.

"ಬೆರಳು ಮರ್ತಿಲ್ಲ ಅಕ್ಕ" ಎಂದ ಬಾಗಿಲಿಗೆ. "ಬರ್ದಿದ್ದೆ. ಅವರು ಬೇಡ ಅಂದ್ರು, ಹೊಡೆದು ಹಾಕ್ದೆ. ಅವರು ಅಂದಿದ್ದಕ್ಕಲ್ಲ, ನನ್ನನ್ನ ಚಹಾಕ್ಕೆ ಕರೆದ್ರು ಅಂತ ಹೊಡೆದು ಹಾಕ್ದೆ. ಆ ಸಾಲು ಏನು ಬರ್ದಿದ್ದೆ ಅಂತಾನೂ ಈಗ ಜ್ಞಾಪಕ ಇಲ್ಲ. ಬೆರಳು ಜ್ಞಾಪಕ ಇದೆ. ತಣ್ಣಗಿರ್ತಿತ್ತು. ಒಂದು ಸಲ ಉಗುರು ಕಿತ್ತುಹೋಗಿತ್ತು ನಿಂದು, ನೀನು ಬಟ್ಟೆ ಸುತ್ಕೊಂಡು ಬಂದಿದ್ದೆ. ನಾನು ಬಟ್ಟೆ ಬಿಚ್ಚಿ ನೋಡಿಬಿಟ್ಟೆ. ನಿಂಗೆ ಎಷ್ಟು ನೋವಾಯ್ತೋ, ಕೈ ಎಳ್ಕೊಳ್ಳಲಿಲ್ಲ ನೀನು. ನೀನು ನಗ್ತಾ ಹೋಗ್ತಿರ್ಲಿಲ್ಲ ಅಕ್ಕ. ಮೆಟ್ಟಿಲ ಮೇಲೆ ಅಳೋದು ನಂಗೆ ಕೇಳಿಸ್ತಿತ್ತು. ಅದನ್ನ ಯಾವತ್ತೂ ಹೇಳಲಿಲ್ಲ ನಾನು. ಕೇಳಿಸ್ಕೊಂಡೆ, ಅಷ್ಟೇ. ಆಗಲೂ ಅಷ್ಟೇ, ಮೊನ್ನೆನೂ ಅಷ್ಟೇ."

ಮಾತು ಸಾಲಾಗಿ ಬರಲಿಲ್ಲ. ಹೇಳಿದ್ದನ್ನೇ ಹೇಳಿದ. ಮೇಡಂ ಕೇಳಿದ್ದರೆ ಗೆರೆ ಎಳೆದು ಎಳೆದು ಪೆನ್ಸಿಲು ಮುಗಿಯುತ್ತಿತ್ತು. ಕೊನೆಗೆ ಹೇಳಲು ಏನೂ ಉಳಿಯದೆ ಅವನು ಬಾಗಿ, ಬಾಗಿಲ ಕೆಳಗೆ ಬೆರಳು ತೂರಿಸಲು ನೋಡಿದ. ದೂಳು ಬರದಿರಲೆಂದು ಹೋದ ವರ್ಷ ಅವನೇ ಅಲ್ಲಿ ಒಂದು ರಬ್ಬರ್ ಪಟ್ಟಿ ಅಂಟಿಸಿ ಕೊಟ್ಟಿದ್ದ. ಕೈಕೆಲಸ ಚೊಕ್ಕ, ಸಂದಿಯೇ ಇರಲಿಲ್ಲ. ತಿಣುಕಿ ತಳ್ಳಿದ ಮೇಲೆ ಎರಡು ಬೆರಳಿನ ತುದಿ ಮಾತ್ರ ಒಳಗೆ ಹೋಯಿತು. ಹಾಗೇ ಹಿಡಿದ.

 ಬಹಳ ಹೊತ್ತು ತನ್ನ ಉಸಿರು ಬಾಗಿಲಿಗೆ ತಾಗಿ ವಾಪಸು ಬರುವುದು ಮಾತ್ರ ಅವನಿಗೆ ಕೇಳಿಸುತ್ತಿತ್ತು. ಆಮೇಲೆ ಮಂಡಿ ಮಡಚುವಾಗ ಅಕ್ಕ ಮಾಡುವ ಸದ್ದು, ಸೀರೆ ನೆಲಕ್ಕೆ ಸವರಿದ ಸದ್ದು. ಬೆರಳ ತುದಿಗೆ ಏನೋ ತಾಗಿತು. ಈಗ ಅದು ತಣ್ಣಗಿರಲಿಲ್ಲ, ಒಣಗಿತ್ತು. ಮೆತ್ತಗೆ ಒಮ್ಮೆ ಒತ್ತಿತು.

ಅಳಬಾರದು ಎಂಬ ಒಪ್ಪಂದವನ್ನು ಅವನು ಅವತ್ತು ಉಳಿಸಿಕೊಳ್ಳಲಿಲ್ಲ.

ಒಳಗೆ ಅಕ್ಕ ಎದ್ದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ಕೈ ತೆಗಿ" ಎಂದಳು, ಹಲ್ಲಿದ್ದ ದನಿಯಲ್ಲಿ. "ಬಾಗಿಲು ತೆಗೀಬೇಕು."